ಹಳೆಯ ಕೈ ಸ್ಕ್ಯಾನರ್, ಪೇಟೆಯ ಎಲಿಮಿನೇಟರ್, ಮನೆಯ ಇನ್ವರ್ಟರ್ ಬ್ಯಾಟರಿ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಇದ್ದ ದೊಡ್ಡಪ್ಪನವರ ಹಳೆಯ ಕೈ ಸ್ಕ್ಯಾನರ್, ಅಂದರೆ ರೇಡಿಯೊ ಚಾನಲ್‌ಗಳನ್ನು ತಾನೇ ಒಂದೊಂದಾಗಿ ಹುಡುಕಿ ಕೇಳಿಸುವ ಸಣ್ಣ ಸೆಟ್ಟು, ಅಟ್ಟದ ಮೇಲೆ ಸಿಕ್ಕಿದೆ. ನನಗೂ ಈಗ ಪರವಾನಗಿ ಬಂದಿರುವುದರಿಂದ ಅದನ್ನು ಬಳಸಬೇಕೆಂದಿದ್ದೇನೆ. ಆರು ಪೆನ್ಸಿಲ್ ಸೆಲ್ ಹಿಡಿಯುತ್ತದೆ. ಬದಿಯಲ್ಲಿ 'ಪವರ್' ಎಂದು ಒಂದು ತೂತು, 'ಚಾರ್ಜ್' ಎಂದು ಇನ್ನೊಂದು. ಎರಡರ ಪಕ್ಕದಲ್ಲೂ 9 ವೋಲ್ಟ್ ಡಿಸಿ ಎಂದು ಬರೆದಿದೆ. ಜೊತೆಗಿದ್ದ ಅಡಾಪ್ಟರ್ 120 ವೋಲ್ಟಿನದು. ಶಿವಮೊಗ್ಗದಿಂದ ಯೂನಿವರ್ಸಲ್ ಎಲಿಮಿನೇಟರ್ (ಬೇಕಾದ ವೋಲ್ಟೇಜಿಗೆ ಇಡಬಹುದಾದ ಅಡಾಪ್ಟರ್) ತಂದು 9ಕ್ಕೆ ಇಟ್ಟು ಹಾಕಿದರೆ 'ಗುಂಯ್' ಅನ್ನುತ್ತದೆ, ಸೆಟ್ಟಿನ ಬೆನ್ನು ಬಿಸಿಯಾಗುತ್ತದೆ. ಒಳಗಿದ್ದ ಸೆಲ್‌ಗಳು ಸೋರಿವೆ. ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ಕರೆಂಟಿರುವುದಿಲ್ಲ. ಇನ್ವರ್ಟರ್ ಬ್ಯಾಟರಿಯಿಂದ ಓಡಿಸಬಹುದೇ? ಯಾವ ಸೆಲ್ ಹಾಕಬೇಕು?

ಉತ್ತರ: ಮೊದಲು ಆ ಎಲಿಮಿನೇಟರನ್ನು ಸೆಟ್ಟಿನಿಂದ ಕಿತ್ತಿಡಿ. ಬಿಸಿ, ಗುಂಯ್ ಸದ್ದು ಎರಡಕ್ಕೂ ಮೂಲ ಅದೇ. ಆದರೆ ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈ ಬಗೆಯ ಎಲಿಮಿನೇಟರಿನೊಳಗೆ ಇರುವುದು ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ಕೆಪಾಸಿಟರ್. ವೋಲ್ಟೇಜನ್ನು ಕಟ್ಟಿ ಹಿಡಿಯುವ ರೆಗ್ಯುಲೇಟರ್ ಇರುವುದಿಲ್ಲ. ಮೇಲೆ ಬರೆದ 9 ವೋಲ್ಟ್ ಬರುವುದು ಅದರ ಪೂರ್ಣ ಭಾರ, ಅಂದರೆ 500 ಮಿಲಿಆಂಪಿಯರ್ ಎಳೆದಾಗ ಮಾತ್ರ. ಕೈ ಸ್ಕ್ಯಾನರ್ ಸುಮ್ಮನಿರುವಾಗ ಎಳೆಯುವುದು ಸಾಮಾನ್ಯವಾಗಿ 60ರಿಂದ 80, ಜೋರಾಗಿ ಮಾತಾಡುವಾಗ 150ರ ಆಸುಪಾಸು. ಅಷ್ಟು ಕಡಿಮೆ ಭಾರಕ್ಕೆ ಅದೇ ಎಲಿಮಿನೇಟರ್ 12ರಿಂದ 14 ವೋಲ್ಟ್ ಕೊಡುತ್ತದೆ. ರಾತ್ರಿ ಪಂಪ್‌ಸೆಟ್‌ಗಳೆಲ್ಲ ನಿಂತ ಮೇಲೆ ಲೈನಿನಲ್ಲಿ 230ರ ಬದಲು 250 ಬಂದರೆ ಇಲ್ಲಿಯೂ ಅದೇ ಅನುಪಾತದಲ್ಲಿ ಏರುತ್ತದೆ. 9 ವೋಲ್ಟಿಗೆಂದು ಮಾಡಿದ ಸೆಟ್ಟು ಹೆಚ್ಚಾದದ್ದನ್ನೆಲ್ಲ ಒಳಗಿನ ರೆಗ್ಯುಲೇಟರಿನಲ್ಲಿ ಬಿಸಿ ಮಾಡಿ ಕಳೆಯುತ್ತದೆ. ನಿಮ್ಮ ಕೈಗೆ ತಾಗಿದ್ದು ಆ ಬಿಸಿ.

ಗುಂಯ್ ಸದ್ದಿನ ಲೆಕ್ಕವೂ ಸರಳ. ಡಯೋಡುಗಳಿಂದ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ನಡುವಿನ ಹಳ್ಳವನ್ನು ಕೆಪಾಸಿಟರ್ ತುಂಬಬೇಕು. ಅಗ್ಗದ ಎಲಿಮಿನೇಟರಿನಲ್ಲಿ 470 ಮೈಕ್ರೊಫ್ಯಾರಡ್ ಹಾಕಿದ್ದರೆ 100 ಮಿಲಿಆಂಪಿಯರಿಗೇ ಒಂದೂವರೆಯಿಂದ ಎರಡು ವೋಲ್ಟ್ ಏರಿಳಿತ ಉಳಿಯುತ್ತದೆ. ಸ್ಪೀಕರಿನ ಆಂಪ್ಲಿಫೈಯರ್ ಹೆಚ್ಚಿನ ಸೆಟ್‌ಗಳಲ್ಲಿ ನೇರವಾಗಿ ಇದೇ ವೋಲ್ಟೇಜಿನ ಮೇಲೆ ಕೂತಿರುವುದರಿಂದ ಅದು ಹಾಗೇ ಕೇಳಿಸುತ್ತದೆ.

120 ವೋಲ್ಟಿನ ಅಡಾಪ್ಟರನ್ನು ನಮ್ಮ ಗೋಡೆಗೆ ಚುಚ್ಚಲೇಬೇಡಿ, ಪರೀಕ್ಷೆಗೂ ಬೇಡ. ದುಪ್ಪಟ್ಟಿನ ಹತ್ತಿರದ ವೋಲ್ಟೇಜಿಗೆ ಅದರ ಟ್ರಾನ್ಸ್‌ಫಾರ್ಮರ್ ಕೆಲವೇ ನಿಮಿಷದಲ್ಲಿ ಸುಡುತ್ತದೆ. ಅದರಲ್ಲಿ ಉಪಯೋಗಕ್ಕೆ ಬರುವ ಒಂದೇ ವಸ್ತು ಕೊನೆಯ ಪಿನ್. ನಿಮ್ಮ ಸೆಟ್ಟಿಗೆ ಸರಿಯಾಗಿ ಕೂರುವ ಅಳತೆ ಅದು. ಒಂದಡಿ ವೈರ್ ಸಮೇತ ಕತ್ತರಿಸಿ ಇಟ್ಟುಕೊಳ್ಳಿ. ಪೇಟೆಯಲ್ಲಿ ಸಿಗುವ 5.5/2.1 ಮತ್ತು 5.5/2.5 (ಹೊರ/ಒಳ ಅಳತೆ, ಮಿಲಿಮೀಟರಿನಲ್ಲಿ) ಪಿನ್‌ಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಒಳಕಡ್ಡಿ 2.1 ಇರುವ ಸೆಟ್ಟಿಗೆ 2.5ರ ಪಿನ್ ಸಲೀಸಾಗಿ ಒಳಹೋಗುತ್ತದೆ, ಆದರೆ ಸಡಿಲ. ಸ್ವಲ್ಪ ಅಲುಗಿದರೆ ಸೆಟ್ಟು ಆರಿ ಹತ್ತುತ್ತದೆ, ಎಷ್ಟೋ ಜನ ಸ್ಕ್ಯಾನರೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಇನ್ನು ಎರಡು ತೂತುಗಳು. ಸೆಟ್ಟು ಓಡಿಸುವುದು ಒಂದು ಕೆಲಸ, ಸೆಲ್ ಚಾರ್ಜ್ ಮಾಡುವುದು ಬೇರೆ ಕೆಲಸ. ಎರಡಕ್ಕೂ 9 ವೋಲ್ಟ್ ಎಂದಿದ್ದರೂ ಪ್ಲಸ್-ಮೈನಸ್ ಒಂದೇ ಕಡೆ ಇರಬೇಕೆಂದಿಲ್ಲ. ಒಂದರಲ್ಲಿ ನಡುವಿನ ಕಡ್ಡಿ ಮೈನಸ್, ಇನ್ನೊಂದರಲ್ಲಿ ಪ್ಲಸ್ ಇರುವ ಸೆಟ್‌ಗಳೂ ಇವೆ. ತೂತಿನ ಪಕ್ಕ ಚುಕ್ಕಿ ಮತ್ತು ಅರ್ಧವೃತ್ತದ ಸಣ್ಣ ಚಿತ್ರ ಇರುತ್ತದೆ. ಚುಕ್ಕಿಗೆ ಯಾವ ಗುರುತಿನ ಗೆರೆ ಸೇರಿದೆಯೋ ನಡುಕಡ್ಡಿ ಅದು. ಅಚ್ಚು ಅಳಿಸಿಹೋಗಿದ್ದರೆ ಸೆಲ್ ತೆಗೆದು, ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕಿಟ್ಟು, ಒಂದು ಕಡ್ಡಿಯನ್ನು ಆಂಟೆನಾ ಸಾಕೆಟ್ಟಿನ ಹೊರ ಲೋಹಕ್ಕೂ ಇನ್ನೊಂದನ್ನು 'ಪವರ್' ತೂತಿನ ನಡುಕಡ್ಡಿಗೂ ಮುಟ್ಟಿಸಿ. ಬೀಪ್ ಬಂದರೆ ನಡು ಮೈನಸ್ ಇರುವ ಸಾಧ್ಯತೆ ಹೆಚ್ಚು. ಇಲ್ಲದಿದ್ದರೆ ತೂತಿನ ಹೊರ ಪಟ್ಟಿಗೆ ಮುಟ್ಟಿಸಿ ನೋಡಿ. ಆಂಟೆನಾದ ಹೊರ ಲೋಹ ಸಾಮಾನ್ಯವಾಗಿ ಸೆಟ್ಟಿನ ಮೈನಸ್ಸೇ ಆಗಿರುತ್ತದೆ. ಖಚಿತವಾಗಬೇಕಾದರೆ ಸೆಲ್ ಗೂಡಿನ ಮೈನಸ್ ಸ್ಪ್ರಿಂಗಿಗೂ ನೋಡಿ. ಆದರೆ ಕೆಲವು ಸೆಟ್‌ಗಳಲ್ಲಿ ಆ ಸ್ಪ್ರಿಂಗು ತೂತಿನೊಳಗಿನ ಸ್ವಿಚ್ಚಿನ ಮೂಲಕ ಹಾದುಹೋಗುತ್ತದೆ, ಪಿನ್ ಚುಚ್ಚಿದಾಗ ಅದರ ಸಂಪರ್ಕ ಕಡಿಯುತ್ತದೆ. ಹಾಗಾಗಿ ತೂತು ಖಾಲಿ ಇರುವಾಗಲೇ ಅಳೆಯಿರಿ.

ಎಲಿಮಿನೇಟರಿನ ಕಡೆಗೂ ಇದೇ ಪರೀಕ್ಷೆ ಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ, ಕೆಂಪು ಕಡ್ಡಿ ಪಿನ್ನಿನ ಒಳಗೆ, ಕಪ್ಪು ಹೊರಗೆ. ಅಂಕೆಯ ಮುಂದೆ ಮೈನಸ್ ಬಂದರೆ ನಡು ಮೈನಸ್. ಯೂನಿವರ್ಸಲ್ ಎಲಿಮಿನೇಟರಿನಲ್ಲಿ ಪಿನ್ನನ್ನು ತಿರುಗಿಸಿ ಹಾಕಿದರೆ ದಿಕ್ಕು ಬದಲಾಗುತ್ತದೆ. ಪಿನ್ ಬದಲಿಸಿದಾಗಲೆಲ್ಲ ಮತ್ತೆ ಅಳೆಯದೆ ಚುಚ್ಚಬೇಡಿ. ಉಲ್ಟಾ ಕೊಟ್ಟರೆ ಒಳಗೆ ಕಾಪಾಡುವ ಡಯೋಡ್ ಇದ್ದ ಸೆಟ್‌ನಲ್ಲಿ ಆ ಡಯೋಡ್ ಶಾರ್ಟಾಗಿ ಎಲಿಮಿನೇಟರ್ ಬಿಸಿಯಾಗುತ್ತದೆ, ಡಯೋಡ್ ಬದಲಿಸಿದರೆ ಸೆಟ್ಟು ಉಳಿಯುತ್ತದೆ. ಡಯೋಡ್ ಇಲ್ಲದ ಸೆಟ್‌ನಲ್ಲಿ ಹೋಗುವುದು ಚಿಪ್‌ಗಳು, ಅವು ಇಂದು ಸಿಗುವುದಿಲ್ಲ. ನಡು ಮೈನಸ್ ಆದರೆ ಪಿನ್ನಿನ ಹೊರಕವಚ ಪ್ಲಸ್ ಎಂಬುದೂ ನೆನಪಿರಲಿ. ಆ ಕವಚ ಆಂಟೆನಾ ಲೋಹಕ್ಕೆ ತಾಗಿದರೆ ಶಾರ್ಟ್. ಅದಕ್ಕೇ ಪಿನ್ ಚುಚ್ಚಿದ ಮೇಲೆ ಸ್ವಿಚ್ ಹಾಕುವುದು, ಸ್ವಿಚ್ ಆರಿಸಿದ ಮೇಲೆ ಪಿನ್ ಕೀಳುವುದು.

'ಚಾರ್ಜ್' ತೂತಿನ ಮೇಲೆ ಒಂದು ಚೂರು ಇನ್ಸುಲೇಶನ್ ಟೇಪ್ ಅಂಟಿಸಿಬಿಡಿ. ಅದರ ಹಿಂದೆ ಸಾಮಾನ್ಯವಾಗಿ ಇರುವುದು ಒಂದು ರೆಸಿಸ್ಟರ್, ಒಂದು ಡಯೋಡ್ ಅಷ್ಟೇ, ಸೆಲ್ ತುಂಬಿತೆಂದು ನಿಲ್ಲಿಸುವ ಬುದ್ಧಿ ಅದಕ್ಕಿಲ್ಲ. ಆ ಕಾಲದ ನಿಕೆಲ್ ಕ್ಯಾಡ್ಮಿಯಂ ಪೆನ್ಸಿಲ್ ಸೆಲ್ 600-700 ಮಿಲಿಆಂಪಿಯರ್ ಅವರ್ ಇರುತ್ತಿತ್ತು. ಹತ್ತನೇ ಒಂದರಷ್ಟು, ಅಂದರೆ 60-70 ಮಿಲಿಆಂಪಿಯರ್, 14-16 ಗಂಟೆ ಕೊಟ್ಟರೆ ಸರಿಹೋಗುತ್ತಿತ್ತು. ಇಂದಿನ 2000 ಮಿಲಿಆಂಪಿಯರ್ ಅವರಿನ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ಲಿಗೆ ಅದೇ 60ರಲ್ಲಿ ಸುಮಾರು 46 ಗಂಟೆ ಬೇಕು. ನಿಮ್ಮ ಎಲಿಮಿನೇಟರ್ 13 ವೋಲ್ಟ್ ಕೊಟ್ಟರೆ ಕರೆಂಟು ಲೆಕ್ಕ ಮೀರಿ ಹೋಗುತ್ತದೆ, ರೆಸಿಸ್ಟರ್ ಕಪ್ಪಾಗುತ್ತದೆ. ಎಲ್ಲಕ್ಕಿಂತ ಅಪಾಯ, ಒಳಗೆ ಮಾಮೂಲಿ ಸೆಲ್ ಇರುವಾಗ ಮರೆತು ಈ ತೂತಿಗೆ ಕೊಡುವುದು. ಆಲ್ಕಲೈನ್ ಅಥವಾ ಜಿಂಕ್ ಸೆಲ್ ಚಾರ್ಜ್ ಆಗುವುದಿಲ್ಲ, ಒಳಗೆ ಅನಿಲ ಕಟ್ಟಿ ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಸೆಲ್ಲನ್ನು ಹೊರಗೆ ತೆಗೆದು, ಒಂದೊಂದನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ, ತುಂಬಿದೊಡನೆ ತಾನೇ ನಿಲ್ಲಿಸುವ ಚಾರ್ಜರಿನಲ್ಲಿ ತುಂಬಿಸಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಅಗ್ಗದ ಚಾರ್ಜರ್ ಬೇಡ. ಅಂಥದ್ದರಲ್ಲಿ ಕೆಲವು ಒಂದು ಕೆಪಾಸಿಟರಿನ ಮೂಲಕ ನೇರ ಮೇನ್ಸಿಗೇ ಸೇರಿರುತ್ತವೆ. ಮಳೆಗಾಲದ ಒದ್ದೆ ನೆಲದ ಮೇಲೆ ನಿಂತು ಸೆಲ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ.

ಯಾವ ಸೆಲ್ ಎಂಬ ಪ್ರಶ್ನೆಗೆ ನನ್ನ ಉತ್ತರ: ಕುಳಿತಲ್ಲೇ ಚಾರ್ಜ್ ಕಳೆದುಕೊಳ್ಳದ ಬಗೆಯ ನಿಕೆಲ್ ಮೆಟಲ್ ಹೈಡ್ರೈಡ್, ಸುಮಾರು 2000 ಮಿಲಿಆಂಪಿಯರ್ ಅವರ್, ಒಂದೇ ಕಂಪನಿಯ, ಒಂದೇ ದಿನ ಕೊಂಡ ಆರು. ಆರು ಆಲ್ಕಲೈನ್ ಸೇರಿದರೆ 9 ವೋಲ್ಟ್, ಇವು ಸೇರಿದರೆ 7.2. ಕಡಿಮೆಯಾಯಿತಲ್ಲ ಎಂದು ಗಾಬರಿ ಬೇಡ. ಆಲ್ಕಲೈನ್ ಸೆಲ್ ಬೇಗನೆ 1.2ಕ್ಕೆ ಇಳಿದು ಆಯುಷ್ಯದ ಹೆಚ್ಚಿನ ಭಾಗವನ್ನು ಅದರ ಸುತ್ತಮುತ್ತಲೇ ಕಳೆಯುತ್ತದೆ, ಚಾರ್ಜ್ ತೂತು ಇರುವ ಸೆಟ್ಟಂತೂ 7.2ಕ್ಕೆ ಒಗ್ಗಿಯೇ ಇರುತ್ತದೆ. 100 ಮಿಲಿಆಂಪಿಯರಿನ ಸರಾಸರಿಗೆ ಇಪ್ಪತ್ತು ಗಂಟೆಯ ಹತ್ತಿರ ಓಡುತ್ತದೆ. ಕಡಿಮೆ ಬ್ಯಾಟರಿಯ ಸೂಚನೆ ಬಂದ ಕೂಡಲೇ ಆರಿಸಿ. ಆರರಲ್ಲಿ ದುರ್ಬಲವಾದ ಒಂದು ಮೊದಲು ಖಾಲಿಯಾದರೆ ಉಳಿದ ಐದು ಅದರೊಳಗೆ ಉಲ್ಟಾ ಕರೆಂಟು ದೂಡುತ್ತವೆ, ಆ ಸೆಲ್ ಅಲ್ಲಿಗೆ ಮುಗಿಯಿತು. ಹೊಸದು ಹಳೆಯದು ಬೆರೆಸಬಾರದೆನ್ನುವುದು ಇದಕ್ಕೇ.

ಪೆನ್ಸಿಲ್ ಸೆಲ್ಲಿನಂತೆಯೇ ಕಾಣುವ ಎರಡು ವಸ್ತುಗಳಿಂದ ದೂರವಿರಿ. ಒಂದು, 14500 ಎಂಬ ಅಂಕೆಯ ಲಿಥಿಯಂ ಸೆಲ್. ಗಾತ್ರ ಅದೇ, ವೋಲ್ಟೇಜ್ 3.7. ಆರು ಹಾಕಿದರೆ 22 ವೋಲ್ಟ್, ಸೆಟ್ಟು ಒಂದು ಕ್ಷಣವೂ ಉಳಿಯುವುದು ಕಷ್ಟ. ಎರಡು, ತಲೆಯಲ್ಲೇ ಯುಎಸ್‌ಬಿ ತೂತಿರುವ 1.5 ವೋಲ್ಟಿನ ಲಿಥಿಯಂ ಸೆಲ್. ಸೆಟ್ಟಿಗೆ ಅಪಾಯವಿಲ್ಲ, ಆದರೆ ಪ್ರತಿ ಸೆಲ್ಲಿನೊಳಗೂ ವೋಲ್ಟೇಜ್ ಇಳಿಸುವ ಸ್ವಿಚಿಂಗ್ ಸರ್ಕ್ಯೂಟ್ ಇದ್ದು ರಿಸೀವರಿನ ಪಕ್ಕದಲ್ಲೇ ಗದ್ದಲ ಎಬ್ಬಿಸುತ್ತದೆ. ಹಾಗೆಯೇ ಗೂಡಿನಲ್ಲಿ ಸೆಲ್ ಆಕಾರದ, ಮೀಟರಿಗೆ ಸೊನ್ನೆ ತೋರಿಸುವ ತುಂಡೊಂದು ಸಿಕ್ಕರೆ ಸತ್ತ ಸೆಲ್ಲೆಂದು ಬಿಸಾಡಬೇಡಿ. ಕೆಲವು ಸೆಟ್‌ಗಳಲ್ಲಿ ಸೆಲ್ಲಿನ ಸಂಖ್ಯೆ ಹೊಂದಿಸಲು ಡಮ್ಮಿ ಇಟ್ಟಿರುತ್ತಾರೆ.

ಸೋರಿದ ಗೂಡನ್ನು ತೊಳೆಯುವ ಮೊದಲು ಸೋರಿದ್ದು ಯಾವ ಸೆಲ್ ಎಂದು ನೋಡಿ. ಆಲ್ಕಲೈನ್ ಮತ್ತು ನಿಕೆಲ್ ಬಗೆಯವು ಸೋರಿದರೆ ಬರುವುದು ಕ್ಷಾರ. ಗಾಳಿಗೆ ಒಣಗಿ ಬಿಳಿ ಹರಳಾಗುತ್ತದೆ. ಇದಕ್ಕೆ ವಿನಿಗರ್ ಅಥವಾ ಸೋಸಿದ ನಿಂಬೆ ರಸ, ಕಿವಿ ಕಡ್ಡಿಯ ತುದಿಯಲ್ಲಿ. ನೊರೆ ನಿಂತ ಮೇಲೆ ನೀರು ಅದ್ದಿದ ಕಡ್ಡಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಅಗ್ಗದ ಜಿಂಕ್ ಸೆಲ್ಲಿನ ಸೋರಿಕೆ ಆಮ್ಲೀಯ, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಕ್ಷಾರ ಕಣ್ಣಿಗೆ ಹಾರಿದರೆ ಆಟವಲ್ಲ. ಸ್ಪ್ರಿಂಗಿನ ಹಸಿರು ಕಿಲುಬನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಎಮರಿ ಹಾಳೆ ಹಾಕಿ ನಿಕೆಲ್ ಲೇಪ ಕೆರೆದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಬರುತ್ತದೆ. ಗೂಡಿನಿಂದ ಹೋಗುವ ವೈರಿನ ತುದಿಯನ್ನು ಸ್ವಲ್ಪ ಸುಲಿದು ನೋಡಿ: ಒಳಗಿನ ತಾಮ್ರ ಕಪ್ಪಾಗಿದ್ದರೆ ಕ್ಷಾರ ಕವಚದೊಳಗೇ ಏರಿದೆ ಎಂದರ್ಥ. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ, ವೈರನ್ನೇ ಬದಲಿಸಿ.

ಒಳಗೆ ನೆನಪಿನ ಶಕ್ತಿಗೆಂದು ಒಂದು ಗುಂಡಿ ಸೆಲ್ ಇದ್ದರೆ ಅದನ್ನೂ ಅಳೆಯಿರಿ. 3 ವೋಲ್ಟಿನ ಲಿಥಿಯಂ ಗುಂಡಿ 2.5ಕ್ಕಿಂತ ಕೆಳಗಿದ್ದರೆ ಚಾನಲ್‌ಗಳು ಉಳಿಯುವುದಿಲ್ಲ. ಸೆಟ್ಟು ಓಡಲು ಅದು ಸಾಮಾನ್ಯವಾಗಿ ಬೇಕಿಲ್ಲ.

ವರ್ಷಗಟ್ಟಲೆ ಅಟ್ಟದಲ್ಲಿದ್ದ ಸೆಟ್ಟಿಗೆ ನೀವು ಈಗಾಗಲೇ ಕರೆಂಟು ಕೊಟ್ಟಿದ್ದೀರಿ, ಹಾಡಿದೆ, ಅದೃಷ್ಟ. ಸ್ವಚ್ಛ ಮಾಡಿದ ಮೇಲಾದರೂ ಒಂದು ಪರೀಕ್ಷೆ ಮಾಡಿ. ಮುಂದೆ ಹೇಳುವ ಡಬ್ಬಿಯಿಂದ ಬರುವ 9 ವೋಲ್ಟಿನ ಪ್ಲಸ್ ತಂತಿಯಲ್ಲಿ 47 ಓಮ್, 5 ವ್ಯಾಟಿನ ರೆಸಿಸ್ಟರ್ ಸೇರಿಸಿ. ಸೆಟ್ಟು ಆರಿಸಿದಾಗ ರೆಸಿಸ್ಟರಿನ ಎರಡು ತುದಿಗಳ ನಡುವೆ ಸೊನ್ನೆಯ ಹತ್ತಿರ ಇರಬೇಕು. ಪೂರ್ತಿ 9 ತೋರಿಸಿದರೆ ಒಳಗೆ ಶಾರ್ಟ್, ಆದರೂ 190 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯದ ಕಾರಣ ಏನೂ ಸುಡುವುದಿಲ್ಲ. ಸರಿಯಿದ್ದರೆ 47 ತೆಗೆದು 10 ಓಮ್ ಹಾಕಿ ಸೆಟ್ಟು ಹಚ್ಚಿ. 0.8 ವೋಲ್ಟ್ ಬಂದರೆ 80 ಮಿಲಿಆಂಪಿಯರ್. ಸ್ಪೀಕರ್ ಮೌನವಿದ್ದಾಗಲೂ 2 ವೋಲ್ಟ್ ದಾಟಿದರೆ ಯಾವುದೋ ಕೆಪಾಸಿಟರ್ ಸೋರುತ್ತಿದೆ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಈಗ ಇನ್ವರ್ಟರ್. ಹೌದು, ಓಡಿಸಬಹುದು, ಆದರೆ ಇನ್ವರ್ಟರಿನ 230 ವೋಲ್ಟಿನಿಂದಲ್ಲ, ನೇರ ಬ್ಯಾಟರಿಯಿಂದ. ಸ್ಕ್ಯಾನರಿಗೆ ಬೇಕಾದದ್ದು ಒಂದು ವ್ಯಾಟ್. ಇನ್ವರ್ಟರ್ ಸುಮ್ಮನೆ ಎದ್ದು ಕೂರಲು ತಿನ್ನುವುದೇ ಅದರ ಹಲವು ಪಟ್ಟು. ಬ್ಯಾಟರಿಯ ವೋಲ್ಟೇಜ್ ಇಳಿದಾಗ 11.5, ಚಾರ್ಜ್ ಆಗುವಾಗ 14.4. ಇದನ್ನು 9ಕ್ಕೆ ಕಟ್ಟಲು ಒಂದು ಸಣ್ಣ ಡಬ್ಬಿ ಮಾಡಿ. ಸಾಮಾನು ಹೆಚ್ಚಿಲ್ಲ: 7809 ರೆಗ್ಯುಲೇಟರ್ ಮತ್ತು ಅದಕ್ಕೆ ಸಣ್ಣ ಅಲ್ಯೂಮಿನಿಯಂ ಹೀಟ್‌ಸಿಂಕ್, 1ಎನ್ 5819 ಡಯೋಡ್, 1ಎನ್ 4007 ಡಯೋಡ್, 1000 ಮೈಕ್ರೊಫ್ಯಾರಡ್ 35 ವೋಲ್ಟ್ ಕೆಪಾಸಿಟರ್, 0.33 ಮತ್ತು 0.1 ಮೈಕ್ರೊಫ್ಯಾರಡ್ ತಲಾ ಒಂದು, 10 ವೋಲ್ಟ್ 5 ವ್ಯಾಟಿನ ಝೀನರ್ ಡಯೋಡ್, 1 ಆಂಪಿಯರ್ ಮತ್ತು 250 ಮಿಲಿಆಂಪಿಯರ್ ಫ್ಯೂಸ್ ಹೋಲ್ಡರ್ ಸಮೇತ.

7809ರ ಅಂಕೆ ನಿಮ್ಮ ಕಡೆ, ಕಾಲು ಕೆಳಗೆ ಬರುವಂತೆ ಹಿಡಿದರೆ ಎಡಗಾಲು ಒಳಬರುವ ವೋಲ್ಟೇಜಿಗೆ, ನಡುಗಾಲು ಮೈನಸ್ಸಿಗೆ, ಬಲಗಾಲು 9 ವೋಲ್ಟ್ ಹೊರಗೆ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 1 ಆಂಪಿಯರ್ ಫ್ಯೂಸ್ ಬರಬೇಕು. ಟ್ಯೂಬುಲರ್ ಬ್ಯಾಟರಿ ಶಾರ್ಟಾದರೆ ನೂರಾರು ಆಂಪಿಯರ್ ಹರಿದು ವೈರ್ ಕೆಂಡವಾಗುತ್ತದೆ, ಡಬ್ಬಿಯೊಳಗಿನ ಫ್ಯೂಸ್ ಆ ವೈರನ್ನು ಕಾಯಲಾರದು. ಅಲ್ಲಿಂದ 5819, ಅದರ ಬೆಳ್ಳಿ ಗೆರೆ ರೆಗ್ಯುಲೇಟರ್ ಕಡೆಗೆ. ಇಲ್ಲಿ 4007 ಹಾಕಿದರೆ 0.7 ವೋಲ್ಟ್ ನುಂಗುತ್ತದೆ. 7809ಕ್ಕೆ ಕನಿಷ್ಠ 11 ಬೇಕಿರುವುದರಿಂದ ಬ್ಯಾಟರಿ ಇಳಿದಾಗ ಆ ನಷ್ಟ ನಮಗೆ ದುಬಾರಿ. 5819 ನುಂಗುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಎಡಗಾಲಿನಿಂದ ಮೈನಸ್ಸಿಗೆ 1000 ಮತ್ತು 0.33, ಬಲಗಾಲಿನಿಂದ ಮೈನಸ್ಸಿಗೆ 0.1. ಕೆಪಾಸಿಟರ್‌ಗಳು ಕಾಲಿಗೆ ಒತ್ತಿಕೊಂಡೇ ಇರಲಿ, ದೂರವಾದರೆ 7809 ತಾನೇ ಕಂಪಿಸಿ ರೇಡಿಯೊದಲ್ಲಿ ಸಿಳ್ಳೆ ಕೇಳಿಸುತ್ತದೆ. 4007 ಬಲಗಾಲಿನಿಂದ ಎಡಗಾಲಿಗೆ, ಗೆರೆ ಎಡಗಾಲಿನ ಕಡೆ. ಕೊನೆಗೆ 250ರ ಫ್ಯೂಸ್, ಅದರ ಆಚೆ ಝೀನರ್, ಗೆರೆ ಪ್ಲಸ್ಸಿಗೆ, ಇನ್ನೊಂದು ತುದಿ ಮೈನಸ್ಸಿಗೆ. ಕತ್ತರಿಸಿಟ್ಟ ಪಿನ್ನಿನ ವೈರ್ ಸೇರುವುದು ಇಲ್ಲಿಗೇ. 7809 ಎಂದಾದರೂ ಶಾರ್ಟಾಗಿ ಪೂರ್ತಿ ವೋಲ್ಟೇಜ್ ನುಗ್ಗಿದರೆ ಝೀನರ್ ಅದನ್ನು ಎಳೆದುಕೊಂಡು ಫ್ಯೂಸ್ ಹಾರಿಸುತ್ತದೆ. ಹತ್ತಿಪ್ಪತ್ತು ರೂಪಾಯಿಯ ಈ ಭಾಗವನ್ನು ಬಿಡಬೇಡಿ.

ಜೋಡಿಸುವಾಗ ಫ್ಯೂಸನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮುತ್ತದೆ, ಅದರ ಬಳಿ ಕಿಡಿಯೂ ಬೆಸುಗೆಯೂ ಬೇಡ. ಎರಡು ಬ್ಯಾಟರಿ ಸೇರಿಸಿದ 24 ವೋಲ್ಟಿನ ಇನ್ವರ್ಟರ್ ಆದರೆ ಒಂದರಿಂದ ಮಾತ್ರ 12 ಎಳೆಯಬೇಡಿ, ಜೋಡಿಯ ಸಮತೋಲ ಕೆಟ್ಟು ಎರಡೂ ಬೇಗ ಹಾಳಾಗುತ್ತವೆ. ಎತ್ತಿದರೆ ಭಾರವಿಲ್ಲದ, ಟ್ರಾನ್ಸ್‌ಫಾರ್ಮರ್ ಇಲ್ಲದ ಮಾದರಿಯಾದರೆ ಅದರ ಬ್ಯಾಟರಿ ಮೇನ್ಸಿನಿಂದ ಬೇರ್ಪಟ್ಟಿದೆಯೆಂದು ನಂಬಲಾಗದು, ಮುಟ್ಟಲೇಬೇಡಿ. ಈ ಎರಡೂ ಸಂದರ್ಭಕ್ಕೆ 12 ವೋಲ್ಟ್ 7 ಆಂಪಿಯರ್ ಅವರಿನ, ಯುಪಿಎಸ್‌ಗಳಲ್ಲಿ ಬರುವ ಮುಚ್ಚಿದ ಬ್ಯಾಟರಿ ಬೇರೆಯೇ ಇಟ್ಟುಕೊಳ್ಳಿ. ಅರ್ಧಕ್ಕಿಂತ ಕೆಳಗಿಳಿಸದೆ ಬಳಸಿದರೂ ಮೂವತ್ತೈದು ಗಂಟೆ ಸಿಗುತ್ತದೆ.

ಕರೆಂಟಿದ್ದಾಗ ಇದೇ ಡಬ್ಬಿಗೆ ನಿಮ್ಮ ಎಲಿಮಿನೇಟರ್ ಸಾಕು, ಈ ಸಲ 12ಕ್ಕೆ ಇಟ್ಟು. ಹಗುರ ಭಾರಕ್ಕೆ 16-17 ವೋಲ್ಟ್ ಬರುತ್ತದೆ, ಏರಿಳಿತ ಸಮೇತ. 7809 ಅದನ್ನು ಕತ್ತರಿಸಿ ಸಮ 9 ಮಾಡುವುದರಿಂದ ಗುಂಯ್ ನಿಲ್ಲುತ್ತದೆ. ಲೈನ್ 180ಕ್ಕೆ ಇಳಿದ ಸಂಜೆಯೂ 12ರ ಮೇಲೆಯೇ ಉಳಿಯುತ್ತದೆ. 9ಕ್ಕೇ ಇಟ್ಟರೆ ಆ ಹೊತ್ತಿಗೆ 11ರ ಕೆಳಗೆ ಜಾರಿ ಗುಂಯ್ ಮರಳುತ್ತದೆ. 100 ಮಿಲಿಆಂಪಿಯರಿಗೆ ಸುಟ್ಟುಹೋಗುವುದು 0.8 ವ್ಯಾಟ್, ಹೀಟ್‌ಸಿಂಕ್ ಬೆಚ್ಚಗಾದರೆ ಸಹಜ.

ವೈಫೈ ಪೆಟ್ಟಿಗೆಯ 12 ವೋಲ್ಟ್ ಸ್ವಿಚಿಂಗ್ ಅಡಾಪ್ಟರೂ ನಡೆಯುತ್ತದೆ, ಗದ್ದಲ ಮಾಡದಿದ್ದರೆ. ಪರೀಕ್ಷಿಸಲು ಮೀಡಿಯಂ ವೇವ್ ಇರುವ ಸಣ್ಣ ರೇಡಿಯೊವನ್ನು ಭದ್ರಾವತಿಯ 675 ಕಿಲೋಹರ್ಟ್ಜಿನ ಪಕ್ಕದ ಖಾಲಿ ಜಾಗಕ್ಕೆ ತಿರುಗಿಸಿ, ಅಡಾಪ್ಟರಿನಿಂದ ಒಂದು ಮೊಳ ದೂರ ಹಿಡಿಯಿರಿ. ಕರಕರ ಎದ್ದರೆ ಅದು ಸ್ಕ್ಯಾನರಿಗೂ ತೊಂದರೆ ಕೊಡುವ ಸಂಭವವಿದೆ. ಮೋಡೆಮ್ಮಿಗೇ ಬಿಡಿ.

ಏಪ್ರಿಲ್-ಮೇ ಸಂಜೆಯ ಗುಡುಗಿಗೂ ಮುಂಗಾರು ಮುಗಿದ ಮೇಲಿನ ಗುಡುಗಿಗೂ ಯಾವ ಫ್ಯೂಸೂ ತಡೆಯಲ್ಲ. ಮೋಡ ಕಟ್ಟುವಾಗಲೇ ಎಲಿಮಿನೇಟರನ್ನು ಗೋಡೆಯಿಂದ, ಹೊರಗಿನ ಆಂಟೆನಾ ಇದ್ದರೆ ಅದನ್ನು ಸೆಟ್ಟಿನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಮೆಸ್ಕಾಂ ಲೈನ್ ಹೋಗಿ ಮರಳುವಾಗಲೂ ಐದು ನಿಮಿಷ ತಡೆದು ಹಚ್ಚಿ.

ಪರವಾನಗಿ ಬಂದಿದೆ ಎಂದಿದ್ದೀರಿ. 144ರಿಂದ 146 ಮೆಗಾಹರ್ಟ್ಜಿನ ಹವ್ಯಾಸಿ ಪಟ್ಟಿ ಕೇಳಲು ಅದು ನೆರವಾಗುತ್ತದೆ. ಸ್ಕ್ಯಾನರ್ ತಾನಾಗಿ ಪೊಲೀಸ್ ಮುಂತಾದ ಬೇರೆ ಪಟ್ಟಿಗಳಲ್ಲೂ ಸುತ್ತುತ್ತದೆ, ಅವನ್ನು ಕೇಳಲು ನಿಮಗೆ ಅಧಿಕಾರವಿಲ್ಲ. ಅಂಥ ಚಾನಲ್‌ಗಳನ್ನು ಲಾಕ್ ಮಾಡಿಡಿ.

ಮಳೆಗಾಲದಲ್ಲಿ ಬಳಸದೆ ಇಡುವುದಾದರೆ ಸೆಲ್ ಹೊರಗೆ ತೆಗೆದು, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೆಲ್ ಬಣ್ಣ ತಿರುಗಿದಾಗ ಒಣಗಿಸಿ ಮರಳಿ ಹಾಕಿ. ಬಚ್ಚಲು ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡಬೇಡಿ, ಹೊಗೆಯ ಜಿಡ್ಡು ಗುಂಡಿಗಳ ಅಡಿಗೆ ಇಳಿಯುತ್ತದೆ. ಸೋರಿದ ಹಳೆಯ ಸೆಲ್‌ಗಳು ನಿಕೆಲ್ ಕ್ಯಾಡ್ಮಿಯಂ ಆಗಿದ್ದರೆ ತೋಟದ ಗುಂಡಿಗೂ ಒಲೆಗೂ ಹಾಕಬೇಡಿ, ಕ್ಯಾಡ್ಮಿಯಂ ವಿಷ. ಪ್ಲಾಸ್ಟಿಕ್ ಡಬ್ಬದಲ್ಲಿ ತುದಿಗಳಿಗೆ ಟೇಪ್ ಸುತ್ತಿಟ್ಟು ಶಿವಮೊಗ್ಗಕ್ಕೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.